ಯಾರ ಹಕ್ಕು? ಯಾರ ಚ್ಯುತಿ?

ಒಂದು ಅಂಕಿಯಿಂದ ಸುರು ಮಾಡುತ್ತೇವೆ: 1,522.

ಇದು ಯಾವ ಚುನಾವಣೆಯ ಗೆಲುವಿನ ಅಂತರವೂ ಅಲ್ಲ. ಹಾಗಾಗಿದ್ದರೆ ನಮ್ಮ ಪುಢಾರಿಗಳಿಗೆ ಅದು ಬಾಯಿಪಾಠ ಆಗಿರುತ್ತಿತ್ತು. ಬ್ಯಾಡಗಿ ಪೇಟೆಗೆ ಬಂದ ಮೆಣಸಿನಕಾಯಿ ಚೀಲದ ಲೆಕ್ಕವೂ ಅಲ್ಲ. ಹಾಗಾಗಿದ್ದರೆ ದಲಾಲರ ವಹಿಯಲ್ಲಿ ಒಂದೂ ತಪ್ಪದೆ ಬರೆದಿಟ್ಟಿರುತ್ತಿದ್ದರು. ಇದೂ ಚೀಲದ ಲೆಕ್ಕವೇ. ಆದರೆ ಗರ್ಭಚೀಲದ ಲೆಕ್ಕ. 2010ರಿಂದ 2017ರವರೆಗೆ ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ 1,522 ಹೆಣ್ಣುಮಕ್ಕಳ ಗರ್ಭಚೀಲ ತೆಗೆಯಲಾಯಿತು ಎಂದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಅಚ್ಚಾಗಿದೆ. ಇವರಲ್ಲಿ ಬಹಳ ಮಂದಿ ಲಂಬಾಣಿ ತಾಂಡಾದವರು, ದಲಿತ ಕೇರಿಯವರು, ಹಿಂದುಳಿದ ಜಾತಿಗಳ ಕೂಲಿಕಾರರು. ಅಗತ್ಯ ಇಲ್ಲದಿದ್ದರೂ ತೆಗೆದರು, ಹೆದರಿಸಿ ತೆಗೆದರು ಎಂಬುದು ಅವರ ದೂರು. ಕರ್ನಾಟಕ ಜನಾರೋಗ್ಯ ಚಳವಳಿಯ ಗೆಳೆಯರು ಈ ದೂರನ್ನು ವರ್ಷಗಟ್ಟಲೆ ಹೊತ್ತು ತಿರುಗಿದ್ದಾರೆ.

ಈಗ ನಮ್ಮ ನಾಯಕರ ಜೀವನಚರಿತ್ರೆಗಳನ್ನು ತೆಗೆದು ನೋಡಿರಿ. ಅಭಿನಂದನ ಗ್ರಂಥಗಳನ್ನು ತಿರುವಿ ಹಾಕಿರಿ. ಇಂಥ ವರ್ಷ ಶಾಸಕರಾದರು, ಇಂಥ ವರ್ಷ ಮಂತ್ರಿಯಾದರು, ಇಂಥ ಖಾತೆ ನೋಡಿಕೊಂಡರು, ಇಷ್ಟು ಸಲ ಗೆದ್ದರು ಎಂದು ಪುಟಗಟ್ಟಲೆ ಇರುತ್ತದೆ. ಈ 1,522 ಯಾರ ಚರಿತ್ರೆಯಲ್ಲೂ ಬರುವುದಿಲ್ಲ. ಖುರ್ಚಿಯ ಲೆಕ್ಕ ಬೇರೆ, ಮೈಯ ಲೆಕ್ಕ ಬೇರೆ. ಈ ಎರಡು ಲೆಕ್ಕಗಳನ್ನು ಒಂದೇ ಹಾಳೆಯ ಮೇಲೆ ಬರೆಯಬೇಕು ಎಂಬುದಷ್ಟೇ ನಮ್ಮ ಇವತ್ತಿನ ತಕರಾರು.

*

ಮೊದಲು ಮೈಯ ಲೆಕ್ಕ.

ರಾಣೆಬೆನ್ನೂರು ಸೀಮೆಯೆಂದರೆ ಬೀಜದ ಸೀಮೆ. ಹತ್ತಿ ಬೀಜೋತ್ಪಾದನೆಯ ಹೊಲದಲ್ಲಿ ಬಗ್ಗಿ ನಿಂತು ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಒಂದೊಂದಾಗಿ ಮುಟ್ಟಿಸುವ ಕೆಲಸ ಹೆಣ್ಣುಮಕ್ಕಳದು. ಊರ ಜನ ಅದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕುಂತು ದಿನವಿಡೀ ತೊಟ್ಟು ಮುರಿಯುವವರೂ ಅವರೇ. ಘಾಟಿಗೆ ಕಣ್ಣು ಉರಿದರೂ ಕೈ ನಿಲ್ಲುವಂತಿಲ್ಲ. ಇಲ್ಲಿ ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಕಾಫಿ ತೋಟಕ್ಕೆ, ಕಬ್ಬಿನ ಗದ್ದೆಗೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಕೆಂಪಿಗೆ, ಅದರ ಸುಕ್ಕಿಗೆ ಸರ್ಕಾರದ ಮುದ್ರೆ ಬಿತ್ತು. ತೊಟ್ಟು ಮುರಿದ ಕೈಗೆ ಯಾವ ಮುದ್ರೆಯೂ ಬೀಳಲಿಲ್ಲ.

ಇಂಥ ಒಬ್ಬಾಕೆ ಹೊಟ್ಟಿನೋವು ಅಂತ, ಬಿಳಿಸೆರಗು ಅಂತ ದವಾಖಾನಿಗೆ ಹೋಗ್ತಾಳ. ಖಾಸಗಿ ದವಾಖಾನಿಗೆ ಹೋಗಾಕ ರೊಕ್ಕಿಲ್ಲ, ಅದಕ್ಕ ಸರ್ಕಾರಿ ದವಾಖಾನಿ. ಅಲ್ಲಿ ಬಿಳಿ ಅಂಗಿ ತೊಟ್ಟವರು ಏನು ಹೇಳ್ತಾರೋ ಅದು ಆಕಿಗೆ ದೇವರ ಮಾತು. ಚೀಲ ಕೆಟ್ಟೈತಿ, ಇಟ್ಕೊಂಡ್ರ ಕ್ಯಾನ್ಸರ್ ಆಗ್ತೈತಿ ಅಂದ್ರ ಆಕಿ ಏನು ಮಾಡ್ಬೇಕು? ಹೆಬ್ಬೆಟ್ಟು ಒತ್ತು ಅಂದ ಕಡೆ ಒತ್ತುತಾಳ. ಆಕೆ ಓದಲಾರದ ಕಾಗದದಲ್ಲಿ ಆಕೆಯ 'ಒಪ್ಪಿಗೆ' ಇರುತ್ತದೆ.

ಬಿಳಿಸೆರಗಿಗೆ ಬಹಳ ಸಲ ಗುಳಿಗೆಯ ಔಷಧ ಸಾಕು. ಹೆಚ್ಚು ರಕ್ತಸ್ರಾವ ಆದರೆ ಮೊದಲು ಪರೀಕ್ಷೆ, ಆಮೇಲೆ ಔಷಧ; ಯಾವುದೂ ನಾಟದಿದ್ದರೆ ಮಾತ್ರ ಕತ್ತರಿ. ಇದು ಯಾವ ಗುಟ್ಟಿನ ವಿದ್ಯೆಯೂ ಅಲ್ಲ, ವೈದ್ಯ ವಿದ್ಯಾರ್ಥಿಗಳು ಓದುವ ಪಾಠ. ವಯಸ್ಸು ಮೀರುವ ಮೊದಲೇ ಗರ್ಭಚೀಲ ತೆಗೆದರೆ, ಅದರ ಜೊತೆಗೆ ಅಂಡಾಶಯವನ್ನೂ ತೆಗೆದರೆ, ಐವತ್ತರ ಹತ್ತಿರ ಬರಬೇಕಾದ ಮುಪ್ಪು ಮೂವತ್ತೈದಕ್ಕೇ ಬಂದು ಕೂಡುತ್ತದೆ. ಮೈ ಬೇಯುತ್ತದೆ, ನಿದ್ದೆ ಹಾರುತ್ತದೆ, ಎಲುಬು ಸವೆಯುತ್ತದೆ, ಸೊಂಟ ಬೀಳುತ್ತದೆ, ಹೃದಯದ ಬೇನೆಯ ಭಯ ಹೆಚ್ಚುತ್ತದೆ. ಓದಿದವರ ಮನೆಯಲ್ಲಿ ಇದಕ್ಕೆ ವಿಶ್ರಾಂತಿ ಇದೆ, ಮಾತ್ರೆ ಇದೆ, ಡಾಕ್ಟರರ ಫೋನು ಇದೆ. ತಾಂಡಾದಲ್ಲಿ ಏನಿದೆ? ಬಗ್ಗಿ ಮಾಡುವ ಕೂಲಿಯೊಂದೇ ಇದೆ. ಬಗ್ಗಲು ಆಗದವಳಿಗೆ ಅದೂ ಇಲ್ಲ.

ಹೂವಿಗೆ ಹೂವು ಮುಟ್ಟಿಸಿ ದೇಶಕ್ಕೆಲ್ಲ ಬೀಜ ಕಟ್ಟಿಸಿಕೊಟ್ಟವಳ ಒಡಲನ್ನೇ ಬಗೆದ ವ್ಯವಸ್ಥೆಗೆ ನಾವು ಯಾವ ಹೆಸರಿಡಬೇಕು, ಗೆಳೆಯರೇ?

*

ಇನ್ನು ಖುರ್ಚಿಯ ಲೆಕ್ಕ.

ಆ ಏಳು ವರ್ಷಗಳಲ್ಲಿ ಆರೋಗ್ಯ ಖಾತೆಯ ಗೂಟದ ಕಾರು ಹಲವರನ್ನು ಹೊತ್ತು ತಿರುಗಿತು. 2010ರಲ್ಲಿ ಆ ಖಾತೆ ಬಳ್ಳಾರಿಯ ಬಿ. ಶ್ರೀರಾಮುಲು ಅವರ ಕೈಯಲ್ಲಿತ್ತು. 2012-13ರಲ್ಲಿ ಅರವಿಂದ ಲಿಂಬಾವಳಿ. 2013ರಿಂದ ಯು.ಟಿ. ಖಾದರ್. 2016ರ ಜೂನ್‌ನಿಂದ ಶ್ರೀನಿವಾಸಪುರದ ಕೆ.ಆರ್. ರಮೇಶ್ ಕುಮಾರ್. ಭಾಜಪ ಹೋಗಿ ಕಾಂಗ್ರೆಸ್ ಬಂತು. ಬಾವುಟದ ಬಣ್ಣ ಬದಲಾಯಿತು. ರಾಣೆಬೆನ್ನೂರಿನ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಏನೂ ಬದಲಾಗಲಿಲ್ಲ.

ಈ ಮಂತ್ರಿಗಳೆಲ್ಲ ಏನೂ ಮಾಡಲಿಲ್ಲ ಎಂದು ನಾವು ಸುಳ್ಳು ಹೇಳುವುದಿಲ್ಲ. 2008ರ ನವೆಂಬರ್ 1ರಂದು 108 ಆಂಬುಲೆನ್ಸ್ ಸುರುವಾದಾಗ ಶ್ರೀರಾಮುಲು ಮಂತ್ರಿಯಾಗಿದ್ದರು. ಆ ಗಾಡಿಯಿಂದ ಬದುಕಿದ ಜೀವಗಳು ನಮ್ಮ ಕೇರಿಗಳಲ್ಲೂ ಇವೆ. ಖಾಸಗಿ ಆಸ್ಪತ್ರೆಗಳಿಗೆ ಮೂಗುದಾರ ಹಾಕುವ ತಿದ್ದುಪಡಿ ಮಸೂದೆಯನ್ನು 2017ರಲ್ಲಿ ತಂದವರು ರಮೇಶ್ ಕುಮಾರ್. ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಬಾಗಿಲು ಹಾಕಿ ಬೀದಿಗಿಳಿದರು. ರೋಗಿಗಳು ನರಳಿದರು. ಸರ್ಕಾರ ಬೆವತಿತು. ಕೊನೆಗೆ ಬೆಳಗಾವಿಯ ಅಧಿವೇಶನದಲ್ಲಿ ಅಂಗೀಕಾರವಾದದ್ದು ಹಲ್ಲು ಸವೆದ ಮಸೂದೆ. ಆದರೂ ಹೋರಾಡಿದರು ಎಂಬ ಮಾತನ್ನು ಅವರಿಗೆ ಸಲ್ಲಿಸೋಣ.

ಆದರೆ ಒಂದು ಸಂಗತಿ ನೋಡಿರಿ. ಆ ಕಾಯ್ದೆಯ ಹೆಸರಲ್ಲೇ 'ಖಾಸಗಿ' ಇದೆ. ಸರ್ಕಾರಿ ಆಸ್ಪತ್ರೆ ಅದರ ಹೊರಗೆ. ಸರ್ಕಾರ ತನ್ನ ಮನೆಯ ಕಸವನ್ನು ತಾನೇ ಗುಡಿಸಿಕೊಳ್ಳುತ್ತದೆ ಎಂಬ ನಂಬಿಕೆ! ಕಲಬುರಗಿಯಲ್ಲಿ 2015ರ ಹೊತ್ತಿಗೆ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು ಖಾಸಗಿ ನರ್ಸಿಂಗ್ ಹೋಮುಗಳ ಮೇಲೆ ಇದೇ ದೂರು ಹೊತ್ತು ಬೀದಿಗೆ ಬಂದಿದ್ದರು. ಅಲ್ಲಿ ಎಚ್ಚರದ ಗಂಟೆ ಹೊಡೆದಿತ್ತು. ಒಂದು ಜಿಲ್ಲೆಯಲ್ಲಿ ಆದದ್ದು ಇನ್ನೊಂದರಲ್ಲಿ ಆಗಿದೆಯೇ ಎಂದು ಪ್ರತಿ ತಾಲೂಕಿನ ವಹಿ ತೆಗೆಸಿ ನೋಡಲು ಎಷ್ಟು ದಿನ ಬೇಕಿತ್ತು? ಅಂಕಿ ಇದ್ದದ್ದು ಸರ್ಕಾರದ್ದೇ ಆಸ್ಪತ್ರೆಯಲ್ಲಿ, ಸರ್ಕಾರದ್ದೇ ಕಾಗದದಲ್ಲಿ. ಓದುವ ಕಣ್ಣು ಇರಲಿಲ್ಲ. ಲಂಬಾಣಿ ಹೆಂಗಸಿನ ಮೈ ಯಾವ ಮಂತ್ರಿಯ ಮೇಜಿಗೂ ಬರುವ 'ವಿಷಯ' ಆಗಿರಲಿಲ್ಲ.

ಮಂತ್ರಿಗಳ ದಾರಿ ಮಾತ್ರ ನಿಲ್ಲಲಿಲ್ಲ. ಶ್ರೀರಾಮುಲು ಪಕ್ಷ ಬಿಟ್ಟರು, ಸ್ವಂತ ಪಕ್ಷ ಕಟ್ಟಿದರು, ಮರಳಿ ಬಂದರು, ಸಂಸದರಾದರು, 2019ರಲ್ಲಿ ಮತ್ತೆ ಅದೇ ಆರೋಗ್ಯ ಖಾತೆಗೆ ಬಂದರು. 2020ರ ಜುಲೈನಲ್ಲಿ ಕೊರೋನಾ ಉರಿಯುವಾಗ ದೇವರೇ ಕಾಪಾಡಬೇಕು ಎಂಬರ್ಥದ ಮಾತಾಡಿ, ಆಮೇಲೆ ಸಮಜಾಯಿಷಿ ಕೊಟ್ಟರು. ಖಾದರ್ 2023ರ ಮೇ ತಿಂಗಳಲ್ಲಿ ವಿಧಾನಸಭೆಯ ಸಭಾಧ್ಯಕ್ಷರಾಗಿ ಆಯ್ಕೆಯಾದರು. ರಮೇಶ್ ಕುಮಾರ್ ಅವರೂ 2018ರಲ್ಲಿ ಎರಡನೇ ಸಲ ಆ ಪೀಠ ಹತ್ತಿದರು. ಆರೋಗ್ಯ ಖಾತೆಯಿಂದ ಸಭಾಧ್ಯಕ್ಷ ಪೀಠಕ್ಕೆ ಮೆಟ್ಟಿಲು ಹತ್ತಿರ. ತಾಂಡಾದಿಂದ ಆ ಪೀಠದ ಕಿವಿಗೆ ದಾರಿ ಬಹಳ ದೂರ.

*

ಆ ಪೀಠದ ಮಾತು ಬಂದ ಮೇಲೆ ನಮ್ಮ ಊರಿನವರನ್ನೇ ಬಿಟ್ಟರೆ ಹ್ಯಾಗೆ?

ಕೆ.ಬಿ. ಕೋಳಿವಾಡ ಅವರು 1972ರಲ್ಲಿ ಮೊದಲ ಸಲ ಶಾಸಕರಾದರು. ದೇವರಾಜ ಅರಸು ಅವರ ಗಾಳಿ ಬೀಸುತ್ತಿದ್ದ ವರ್ಷ ಅದು. ಆಮೇಲೆ ಸೋತರು, ಗೆದ್ದರು, ಮತ್ತೆ ಸೋತರು, ಮತ್ತೆ ಗೆದ್ದರು. ಒಟ್ಟು ಐದು ಸಲ ರಾಣೆಬೆನ್ನೂರಿನಿಂದ ವಿಧಾನಸಭೆಗೆ ಹೋದರು. ಐದನೆಯದು 2013ರ ಗೆಲುವು. 2016ರ ಜುಲೈ 5ರಂದು ವಿಧಾನಸಭೆಯ ಸಭಾಧ್ಯಕ್ಷರಾದರು. ಅರ್ಧ ಶತಮಾನಕ್ಕೆ ಹತ್ತಿರದ ರಾಜಕಾರಣ. ಊರಿಗೆ ಹೆಮ್ಮೆ ಅಂತ ಫಲಕ ಕಟ್ಟಿದರು, ಪಟಾಕಿ ಹೊಡೆದರು.

ಆ ಸದನ ಅವರ ಕಾಲದಲ್ಲಿ ಏನು ಮಾಡಿತು? 2017ರ ಜೂನ್ 21ರಂದು ಇಬ್ಬರು ಪತ್ರಕರ್ತರಿಗೆ — 'ಹಾಯ್ ಬೆಂಗಳೂರ್' ಪತ್ರಿಕೆಯ ರವಿ ಬೆಳಗೆರೆ, 'ಯಲಹಂಕ ವಾಯ್ಸ್' ಪತ್ರಿಕೆಯ ಅನಿಲ್ ರಾಜ್ — ಒಂದೊಂದು ವರ್ಷ ಜೈಲು, ಹತ್ತು ಸಾವಿರ ರೂಪಾಯಿ ದಂಡ ಎಂದು ಸಾರಿತು. ಅಪರಾಧ: ಶಾಸಕರ ಮಾನಕ್ಕೆ ಕುಂದು ತರುವಂತೆ ಬರೆದದ್ದು. ದೂರು ಕೊಟ್ಟ ಶಾಸಕರಲ್ಲಿ ಕೋಳಿವಾಡರೂ ಒಬ್ಬರು. ಆಮೇಲೆ ಶಿಕ್ಷೆ ಸಾರಿದ ಪೀಠದಲ್ಲಿ ಕೂತಿದ್ದವರೂ ಅವರೇ. ಆ ಬರಹಗಳನ್ನು ನಾವು ಸಮರ್ಥಿಸುತ್ತಿಲ್ಲ. ಹಳದಿ ಬಣ್ಣದ ಬರವಣಿಗೆಯೊಂದಿಗೆ ನಮ್ಮ ಜಗಳ ಹಳೆಯದು. ಮಾನ ಹೋಯಿತು ಅನ್ನಿಸಿದರೆ ಎಲ್ಲರಿಗೂ ಇರುವ ಕೋರ್ಟು ಅವರಿಗೂ ಇತ್ತು. ಆದರೆ ಶಾಸಕರಿಗೆ ಕೋರ್ಟಿಗಿಂತ ಹತ್ತಿರದ ಬಾಗಿಲು ಒಂದಿದೆ. ಸಂವಿಧಾನದ 194ನೇ ವಿಧಿಯ ಹೆಸರು ಹೇಳಿಕೊಂಡು ತಾವೇ ಫಿರ್ಯಾದಿ, ತಾವೇ ನ್ಯಾಯಾಧೀಶರು ಆಗುವ ಬಾಗಿಲು ಅದು. ಅದಕ್ಕೆ ಹಕ್ಕುಚ್ಯುತಿ ಎಂದು ಹೆಸರು.

ಶಾಸಕರ ಬಗ್ಗೆ ನಾಲ್ಕು ಸಾಲು ಬರೆದರೆ ಹಕ್ಕುಚ್ಯುತಿ. ಶಾಸಕರನ್ನು ಆರಿಸಿ ಕಳಿಸಿದ ಹೆಣ್ಣಿನ ಒಡಲಿಗೆ ಕತ್ತರಿ ಬಿದ್ದರೆ ಅದು ಯಾರ ಹಕ್ಕು, ಯಾರ ಚ್ಯುತಿ?

ಅದೇ 2017ರ ಅಕ್ಟೋಬರ್‌ನಲ್ಲಿ ವಿಧಾನಸೌಧಕ್ಕೆ ಅರವತ್ತು ತುಂಬಿತೆಂದು ವಜ್ರಮಹೋತ್ಸವ. ಮೊದಲು ಹಾಕಿದ ಅಂದಾಜು ಸುಮಾರು 26 ಕೋಟಿ ರೂಪಾಯಿ. ಶಾಸಕರಿಗೆ ಚಿನ್ನದ ಕಾಣಿಕೆ, ಸಿಬ್ಬಂದಿಗೆ ಬೆಳ್ಳಿಯದು ಎಂಬ ಯೋಜನೆ. ನಾಡೆಲ್ಲ ಛೀ ಅಂದ ಮೇಲೆ ಮುಖ್ಯಮಂತ್ರಿಗಳು ಅದನ್ನು 10 ಕೋಟಿಗೆ ಇಳಿಸಿದರು, ಚಿನ್ನ ಬೆಳ್ಳಿ ಕೈಬಿಟ್ಟಿತು. ಬಿಟ್ಟರು, ಸರಿ. ಆದರೆ ಕೇಳುವ ಮನಸ್ಸು ಹುಟ್ಟಿದ್ದಾದರೂ ಹ್ಯಾಗೆ? ಆ ಹೊತ್ತಿನಲ್ಲಿ ರಾಣೆಬೆನ್ನೂರಿನ ತಾಂಡಾಗಳಲ್ಲಿ ಸೊಂಟ ಹಿಡಿದುಕೊಂಡು ಮಲಗಿದವರಿಗೆ ನೋವಿನ ಗುಳಿಗೆಗೂ ರೊಕ್ಕ ಇರಲಿಲ್ಲ.

ಬೆಂಗಳೂರಿನ ಕೆರೆ ನುಂಗಿದವರ ಲೆಕ್ಕ ತೆಗೆದ ಸದನ ಸಮಿತಿಗೆ ಕೋಳಿವಾಡರೇ ಅಧ್ಯಕ್ಷರು. 2017ರಲ್ಲಿ ವರದಿ ಬಂತು. ಒಳ್ಳೆಯ ಕೆಲಸ, ಅಲ್ಲವೆನ್ನುವುದಿಲ್ಲ. ಬೆಂಗಳೂರಿನ ಕೆರೆ ಬತ್ತಿದರೆ ಸದನ ಸಮಿತಿ. ತಮ್ಮದೇ ತಾಲೂಕಿನ ಹೆಣ್ಣುಮಕ್ಕಳ ಒಡಲು ಬತ್ತಿದ್ದಕ್ಕೆ ಅಂಥದೊಂದು ಸಮಿತಿ ಕೂತ ಸದ್ದು ನಮ್ಮ ಕಿವಿಗೆ ಬಿದ್ದಿಲ್ಲ. ಇದು ಕೋಳಿವಾಡರೊಬ್ಬರ ಮೇಲಿನ ಸಿಟ್ಟಲ್ಲ. ಅವರು ಕತ್ತರಿ ಹಿಡಿಯಲಿಲ್ಲ, ಹಿಡಿಯಲು ಹೇಳಲೂ ಇಲ್ಲ. ನಮ್ಮ ಪ್ರಶ್ನೆ ಪ್ರತಿಯೊಬ್ಬ ಜನಪ್ರತಿನಿಧಿಗೂ ಸೇರಿದ್ದು: ನಿಮ್ಮ ಊರಿನ ಆಸ್ಪತ್ರೆಯಲ್ಲಿ ಏಳು ವರ್ಷ ನಡೆದದ್ದು ನಿಮಗೆ ಗೊತ್ತಿದ್ದರೆ ಯಾಕೆ ಸುಮ್ಮನಿದ್ದಿರಿ? ಗೊತ್ತಿರದಿದ್ದರೆ, ಏಳು ವರ್ಷ ಗೊತ್ತಾಗದಷ್ಟು ದೂರ ನಿಮ್ಮನ್ನು ಕೂರಿಸಿದವರು ಯಾರು?

*

2021ರ ಡಿಸೆಂಬರ್ 16. ಬೆಳಗಾವಿಯ ಸುವರ್ಣ ವಿಧಾನಸೌಧ. ಎರಡು ಸಲ ಸಭಾಧ್ಯಕ್ಷರಾಗಿದ್ದ, ಆರೋಗ್ಯ ಮಂತ್ರಿಯಾಗಿದ್ದ ರಮೇಶ್ ಕುಮಾರ್ ಅವರು ಅತ್ಯಾಚಾರವನ್ನು ಇಟ್ಟುಕೊಂಡು ಒಂದು ನಗೆಮಾತು ಆಡಿದರು. ಪೀಠದಲ್ಲಿದ್ದವರು ನಕ್ಕರು. ಸದನದಲ್ಲಿ ನಗು ಕೇಳಿಸಿತು. ಮಾರನೆಯ ದಿನ ಕ್ಷಮೆ ಕೇಳಿದರು. ಅಲ್ಲಿಗೆ ಮುಗಿಯಿತು.

ಈ ಮಾತನ್ನು ನಾವು ಎತ್ತುವುದಕ್ಕೆ ಕಾರಣ ಇದೆ. ಹೆಣ್ಣಿನ ಮೈ ಎಂದರೆ ನಗೆಯ ವಸ್ತು ಎಂದು ತಿಳಿದ ಸದನಕ್ಕೆ, ತಾಂಡಾದ ಹೆಣ್ಣಿನ ಮೈ ಎಂದರೆ ವಿಚಾರಣೆಯ ವಸ್ತು ಎಂದು ತಿಳಿಯುವುದು ಹ್ಯಾಗೆ? ಆ ನಗು, ಈ ಮೌನ ಎರಡೂ ಒಂದೇ ಗಂಟಲಿನವು.

ಇನ್ನೊಂದು ಕ್ಷಮೆ, ಇನ್ನೊಂದು ಕುರ್ಚಿ ನಮಗೆ ನೆನಪಾಗುತ್ತದೆ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂದರು. ಮಲ ಹೊರುವುದನ್ನು ನಿಲ್ಲಿಸಲು ಹೊರಟಿದ್ದ ಮಂತ್ರಿ ಅವರು. ಆ ಒಂದು ಮಾತಿಗೆ ನಾಡು ಹೊತ್ತಿ ಉರಿಯಿತು. ದಲಿತ ಹುಡುಗರ ಮೇಲೆ ಹಾಸ್ಟೆಲುಗಳಲ್ಲಿ, ಬೀದಿಗಳಲ್ಲಿ ಹಲ್ಲೆ ನಡೆಯಿತು. ಬಸವಲಿಂಗಪ್ಪ ಮಂತ್ರಿಗಿರಿ ಬಿಟ್ಟು ಮನೆಗೆ ಹೋಗಬೇಕಾಯಿತು. ಗ್ರಂಥಗಳನ್ನು ಬೂಸಾ ಎಂದ ದಲಿತ ಮಂತ್ರಿಯ ಖುರ್ಚಿ ಉರುಳಿತು. ಹೆಣ್ಣಿನ ಮೇಲಿನ ಅತ್ಯಾಚಾರವನ್ನು ನಗೆ ಮಾಡಿದ ಮಾಜಿ ಮಂತ್ರಿಯ ಸದಸ್ಯತ್ವಕ್ಕೆ ಒಂದು ಗೀರೂ ಬೀಳಲಿಲ್ಲ. ಈ ನಾಡಿನಲ್ಲಿ ಯಾವುದಕ್ಕೆ ನೋವಾಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

*

ಮತ್ತೆ ರಾಣೆಬೆನ್ನೂರಿಗೆ ಬರೋಣ. 2018ರಲ್ಲಿ ಜನ ಕೋಳಿವಾಡರನ್ನು ಸೋಲಿಸಿದರು. ಗೆದ್ದವರು ಕೆಪಿಜೆಪಿ ಎಂಬ ಹೊಸ ಪಕ್ಷದ ಆರ್. ಶಂಕರ್. ಅವರು ಮಂತ್ರಿಯಾದರು, ಮಂತ್ರಿಗಿರಿ ಕಳಕೊಂಡರು, ಮತ್ತೆ ಮಂತ್ರಿಯಾದರು, ಸರ್ಕಾರ ಬೀಳಿಸುವ ಆಟದಲ್ಲಿ 2019ರ ಜುಲೈನಲ್ಲಿ ಅನರ್ಹರಾದರು. ಅನರ್ಹಗೊಳಿಸಿದ ಸಭಾಧ್ಯಕ್ಷರು ಅದೇ ರಮೇಶ್ ಕುಮಾರ್. ಆಮೇಲೆ ಶಂಕರ್ ವಿಧಾನ ಪರಿಷತ್ತಿನ ಹಿಂಬಾಗಿಲಿನಿಂದ ಬಂದು 2021ರಲ್ಲಿ ಇನ್ನೊಮ್ಮೆ ಮಂತ್ರಿಯಾದರು. 2019ರ ಉಪಚುನಾವಣೆಯಲ್ಲಿ ಭಾಜಪದ ಅರುಣಕುಮಾರ್ ಗುತ್ತೂರು ಗೆದ್ದರು. 2023ರಲ್ಲಿ ಗೆದ್ದವರು ಪ್ರಕಾಶ್ ಕೋಳಿವಾಡ, ಹಳೆಯ ಸಭಾಧ್ಯಕ್ಷರ ಮಗ. ಆರು ವರ್ಷದೊಳಗೆ ಒಂದು ಊರಿಗೆ ಮೂರು ಪಕ್ಷ, ಮೂರು ಚುನಾವಣೆ, ಒಂದು ರೆಸಾರ್ಟು ರಾಜಕಾರಣ. ತೆರೆದ ಕಿಟಕಿಯಲ್ಲಿ ಗಾಳಿ ಬಂದಂತೆ ಬಂದರು, ಹೋದರು. ಒಬ್ಬರ ಪ್ರಣಾಳಿಕೆಯ ಮೊದಲ ಸಾಲಿನಲ್ಲೂ ಆ 1,522 ಬರಲಿಲ್ಲ.

ಹೀಗೆ ಇವರು ಕುರ್ಚಿ ಬದಲಿಸುತ್ತಿದ್ದಾಗ ಆ ಹೆಣ್ಣುಮಕ್ಕಳು ಕಾಯ್ದರು. ಕಾಯ್ದು ಕಾಯ್ದು 2022ರ ನವೆಂಬರ್‌ನಲ್ಲಿ ನಡೆದರು. ಸೊಂಟ ಹಿಡಿದುಕೊಂಡು, ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ಕ್ಷೇತ್ರ ಶಿಗ್ಗಾವಿಯ ಕಡೆಗೆ ಪಾದಯಾತ್ರೆ ಹೊರಟರು. ಗರ್ಭಚೀಲ ಕಳಕೊಂಡವರು ನಡೆಯಬೇಕು; ಮುಖ್ಯಮಂತ್ರಿ ಇದೇ ಜಿಲ್ಲೆಯವರು, ಅವರು ಬರಲಿಲ್ಲ ಏಕೆ ಎಂದು ಕೇಳಬಾರದು! ಪರಿಹಾರ ಕೊಡಿರಿ, ಔಷಧ ಕೊಡಿರಿ, ಬದುಕಲು ದಾರಿ ಕೊಡಿರಿ ಎಂಬುದಷ್ಟೇ ಅವರ ಬೇಡಿಕೆ.

ಆರು ವಾರ ಕಳೆಯುವುದರೊಳಗೆ, 2023ರ ಜನವರಿ 6ರಿಂದ 8ರವರೆಗೆ, ಅದೇ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ. ಅದೇ ಮುಖ್ಯಮಂತ್ರಿಗಳ ಉದ್ಘಾಟನೆ, ಮೆರವಣಿಗೆ, ಊಟದ ಸಾಲು. ತಾಯಿ ಭುವನೇಶ್ವರಿಗೆ ಆರತಿ. ನಿಜವಾದ ತಾಯಂದಿರು ಊರ ಹೊರಗೆ. 1979ರಲ್ಲಿ ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಡ ಎಂದದ್ದಕ್ಕೆ ಹುಟ್ಟಿದ್ದು ನಮ್ಮ ಬಂಡಾಯ. ಈಗ ಗೋಷ್ಠಿಗಳು ಸಿಗುತ್ತವೆ, ಶಾಲು ಸಿಗುತ್ತದೆ, ಫಲತಾಂಬೂಲ ಸಿಗುತ್ತದೆ. ಆದರೆ ಆ ಪಾದಯಾತ್ರೆಯ ದಾರಿಯಲ್ಲಿ ನಾವು ಎಷ್ಟು ಜನ ಇದ್ದೆವು? ಬೆರಳು ಮಂತ್ರಿಗಳತ್ತ ತೋರಿಸುವಾಗ ಮೂರು ಬೆರಳು ನಮ್ಮತ್ತಲೇ ತಿರುಗಿರುತ್ತವೆ. ಅದನ್ನು ಮುಚ್ಚಿಡುವುದಿಲ್ಲ.

ನಮ್ಮವರೇ ಆದ ಶಾಸಕರ ಮಾತನ್ನೂ ಮುಚ್ಚಿಡುವುದಿಲ್ಲ. 2008ರ ಪುನರ್ವಿಂಗಡಣೆಯವರೆಗೆ ಬ್ಯಾಡಗಿ ಪರಿಶಿಷ್ಟ ಜಾತಿಗೆ ಮೀಸಲು. ಅಲ್ಲಿಂದ ಈಚೆಗೆ ಹಾವೇರಿ ಮೀಸಲು. ಹಾವೇರಿಯಿಂದ 2013ರಲ್ಲಿ, 2023ರಲ್ಲಿ ಗೆದ್ದ ರುದ್ರಪ್ಪ ಲಮಾಣಿ ಲಂಬಾಣಿ ಸಮುದಾಯದವರೇ. 2016ರಲ್ಲಿ ಮಂತ್ರಿಯಾದರು, 2023ರಲ್ಲಿ ಉಪಸಭಾಧ್ಯಕ್ಷರಾದರು. ತಾಂಡಾದ ಮಗ ಆ ಪೀಠದಲ್ಲಿ ಕೂತದ್ದು ಸಣ್ಣ ಮಾತಲ್ಲ. ಬಾಬಾಸಾಹೇಬರು ಕೊಟ್ಟ ಹಕ್ಕು ಅದು. ಆದರೆ ಮೀಸಲು ಕ್ಷೇತ್ರದ ಶಾಸಕ ಮೊದಲು ಪಕ್ಷಕ್ಕೆ ಮೀಸಲಾಗುತ್ತಾನೆ, ಆಮೇಲೆ ಗುಂಪಿಗೆ, ಆಮೇಲೆ ಗುತ್ತಿಗೆದಾರರಿಗೆ. ಕೊನೆಗೆ ಉಳಿದರೆ ಜನಕ್ಕೆ. ಇದು ಒಬ್ಬರ ದೋಷವಲ್ಲ, ಮೇಲ್ಜಾತಿ ಓಟಿನ ಮರ್ಜಿಯಲ್ಲಿ ನಮ್ಮವರನ್ನು ಆರಿಸುವ ಪದ್ಧತಿಯ ದೋಷ. 1932ರಲ್ಲಿ ಪುಣೆಯಲ್ಲಿ ಬಾಬಾಸಾಹೇಬರ ಕೈ ಕಟ್ಟಿ ಮಾಡಿಸಿದ ಒಪ್ಪಂದದ ಕಂತು ನಾವು ಇನ್ನೂ ತೀರಿಸುತ್ತಿದ್ದೇವೆ.

*

ಕೆಲವರು ಹೇಳುತ್ತಾರೆ: ಹೆಂಗಸರೇ ಬೇಕು ಅಂತ ಮಾಡಿಸಿಕೊಂಡರು, ಮುಟ್ಟಿನ ಕಾಟ ತಪ್ಪಲಿ ಅಂತ, ಕೂಲಿ ತಪ್ಪಬಾರದು ಅಂತ. ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಬಗ್ಗೆಯೂ 2019ರಲ್ಲಿ ಇದೇ ಮಾತು ಬಂತು. ಹೌದು, ಒಂದು ದಿನ ಕೂಲಿ ತಪ್ಪಿದರೆ ಒಲೆ ಹೊತ್ತದ ಮನೆಯಲ್ಲಿ ಮುಟ್ಟೂ ಒಂದು ದಂಡವೇ. ಹೊಲದಲ್ಲಿ ನೀರಿಲ್ಲ, ಮರೆಯಿಲ್ಲ, ಕುಂದರಾಕ ನೆರಳಿಲ್ಲ. ಹಾಗಿದ್ದಾಗ ಗರ್ಭಚೀಲವೇ ಬೇಡ ಅನ್ನಿಸಿದರೆ ಅದು ಆಕೆಯ ಇಚ್ಛೆಯೋ, ನಿಮ್ಮ ಕೂಲಿ ಪದ್ಧತಿಯ ಬಲವಂತವೋ? ಹಸಿವು ಬರೆಸಿಕೊಂಡ ಸಹಿಗೆ ಒಪ್ಪಿಗೆ ಎಂದು ಹೆಸರಿಡಬೇಡಿರಿ.

ಒಪ್ಪಿಗೆ ಎಂದರೇನು ಎಂದು ಸುಪ್ರೀಂ ಕೋರ್ಟು 2008ರ ಜನವರಿಯಲ್ಲೇ ಹೇಳಿದೆ. ದೆಹಲಿಯ ಸಮೀರಾ ಕೊಹ್ಲಿ ಅವರ ಮೊಕದ್ದಮೆ. ಪರೀಕ್ಷೆಗೆಂದು ಮಲಗಿಸಿದವಳ ಗರ್ಭಕೋಶವನ್ನು ಆಕೆಯ ಒಪ್ಪಿಗೆ ಇಲ್ಲದೆ ತೆಗೆದದ್ದು ತಪ್ಪು, ಏನು ಮಾಡುತ್ತೇವೆ, ಬೇರೆ ದಾರಿ ಏನಿದೆ, ಅಪಾಯ ಏನು ಎಂದು ತಿಳಿಯುವ ಹಾಗೆ ಹೇಳಿದ ಮೇಲೆ ಪಡೆದದ್ದೇ ಒಪ್ಪಿಗೆ ಎಂಬುದು ಆ ತೀರ್ಪು. ರಾಣೆಬೆನ್ನೂರಿನ ಲೆಕ್ಕ ಸುರುವಾಗುವುದು ಅದಾದ ಎರಡು ವರ್ಷಕ್ಕೆ. ದೆಹಲಿಯ ತೀರ್ಪು ತಾಂಡಾಕ್ಕೆ ಬರಲು ಯಾವ ಬಸ್ಸೂ ಇರಲಿಲ್ಲ.

2023ರ ಏಪ್ರಿಲ್ 5ರಂದು ಅದೇ ಸುಪ್ರೀಂ ಕೋರ್ಟು ಇನ್ನೊಂದು ಆದೇಶ ಕೊಟ್ಟಿತು. ಬಿಹಾರ, ರಾಜಸ್ಥಾನ, ಛತ್ತೀಸಗಡಗಳ ಬಡ ಹೆಣ್ಣುಮಕ್ಕಳ ಗರ್ಭಕೋಶ ತೆಗೆದ ಬಗ್ಗೆ ಡಾ. ನರೇಂದ್ರ ಗುಪ್ತಾ ಹೂಡಿದ ಮೊಕದ್ದಮೆಯಲ್ಲಿ, ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕು ಎಂದಿತು. ಜಿಲ್ಲೆ ಜಿಲ್ಲೆಗೂ ನಿಗಾ ಸಮಿತಿ ಇರಬೇಕೆಂಬುದು ಆ ಮಾರ್ಗಸೂಚಿಯಲ್ಲಿದೆ. ಅಂದರೆ ಈಗ ನಮ್ಮ ಕೈಯಲ್ಲಿ ಒಂದು ಆಯುಧ ಇದೆ. ಅದನ್ನು ಕಡತದಲ್ಲಿ ತುಕ್ಕು ಹಿಡಿಸುವುದೋ, ಬೀದಿಗೆ ತರುವುದೋ ನಮಗೆ ಬಿಟ್ಟದ್ದು.

ಆದ್ದರಿಂದ ನಾವು ಕೇಳುವುದು ಇಷ್ಟು. ಆ 1,522 ಹೆಣ್ಣುಮಕ್ಕಳ ಒಬ್ಬೊಬ್ಬರ ಕಡತವೂ ಅವರ ಕೈಗೆ ಬರಬೇಕು. ಪರಿಹಾರ ಭಿಕ್ಷೆಯಾಗಿ ಬೇಡ, ಸರ್ಕಾರದ ತಪ್ಪಿಗೆ ದಂಡವಾಗಿ ಬೇಕು. ಬದುಕಿರುವವರೆಗೆ ಮಾಸಾಶನ, ಬದುಕಿರುವವರೆಗೆ ಬಿಟ್ಟಿ ಔಷಧ. ತಪ್ಪು ಮಾಡಿದವರನ್ನು ಬರೀ ವರ್ಗ ಮಾಡಿ ಇನ್ನೊಂದು ಊರಿನ ಹೆಣ್ಣುಮಕ್ಕಳ ಪಾಲಿಗೆ ಕಳಿಸಿದರೆ ಅದು ಶಿಕ್ಷೆಯಲ್ಲ. 1997ರಲ್ಲಿ ಜಿಲ್ಲೆಯಾದ ಹಾವೇರಿಗೆ ವೈದ್ಯಕೀಯ ಕಾಲೇಜಿನ ಪಾಠ ಸುರುವಾಗಲು ಇಪ್ಪತ್ತೈದು ವರ್ಷ ಬೇಕಾಯಿತು. ಆ ಕಾಲೇಜಿನ ಹುಡುಗ ಹುಡುಗಿಯರಿಗೆ ಮೊದಲ ವರ್ಷವೇ ಈ 1,522ರ ಪಾಠ ಆಗಬೇಕು. ಮತ್ತು ವಿಧಾನಸಭೆ ಒಂದು ದಿನ, ಬರೇ ಒಂದು ದಿನ, ತನ್ನ ಹಕ್ಕುಚ್ಯುತಿಯನ್ನು ಬದಿಗಿಟ್ಟು ಈ ಹಕ್ಕುಚ್ಯುತಿಯನ್ನು ಚರ್ಚಿಸಬೇಕು.

ನಿಮಗೂ ಕೆಲಸ ಇದೆ, ಹಳ್ಳಿಯ ಮಾಸ್ತರರೇ, ಅಕ್ಕೋರೇ. ತಾಂಡಾದ ಮಕ್ಕಳು ನಿಮ್ಮ ಮುಂದೆ ಕೂಡುತ್ತಾರೆ. ಅವರ ಅವ್ವ ಯಾಕೆ ಕೂಲಿಗೆ ಹೋಗುತ್ತಿಲ್ಲ ಎಂದು ಕೇಳಿರಿ. ಒಪ್ಪಿಗೆ ಪತ್ರವನ್ನು ಓದಿ ಹೇಳದೆ ಹೆಬ್ಬೆಟ್ಟು ಒತ್ತಬೇಡಿರಿ ಎಂದು ಆ ಮಕ್ಕಳಿಗೇ ಕಲಿಸಿರಿ. ಕಾಲೇಜಿನ ಗೆಳೆಯರೇ, ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಒಂದು ಹಾಳೆ, ಹತ್ತು ರೂಪಾಯಿ ಸಾಕು. ನಿಮ್ಮ ತಾಲೂಕಿನ ಆಸ್ಪತ್ರೆಯಲ್ಲಿ ಯಾವ ವರ್ಷ ಎಷ್ಟು ಗರ್ಭಕೋಶ ತೆಗೆದರು, ಅದರಲ್ಲಿ ನಲವತ್ತರೊಳಗಿನವರು ಎಷ್ಟು ಎಂದು ಕೇಳಿರಿ. ನಿಗಾ ಸಮಿತಿ ಕೊನೆಯ ಸಲ ಕೂತದ್ದು ಯಾವಾಗ ಎಂದು ಕೇಳಿರಿ. ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಓದಿರಿ.

ಮುಂದಿನ ಸಲ ಓಟು ಕೇಳಲು ಅವರು ಬರುತ್ತಾರೆ. ಐದು ಸಲ ಗೆದ್ದವರು, ಮೂರು ಸಲ ಮಂತ್ರಿಯಾದವರು, ಅವರ ಮಕ್ಕಳು, ಅವರ ಮೊಮ್ಮಕ್ಕಳು. ತಮ್ಮ ಸೇವೆಯ ಪಟ್ಟಿ ಓದುತ್ತಾರೆ. ಓದಿ ಮುಗಿಯಲಿ, ತಾಳ್ಮೆಯಿಂದ ಕೇಳಿರಿ. ಆಮೇಲೆ ಒಂದೇ ಅಂಕಿ ಹೇಳಿರಿ. ಅದು ಏನೆಂದು ಅವರಿಗೆ ಗೊತ್ತಿಲ್ಲದಿದ್ದರೆ, ತಾಂಡಾದ ದಾರಿ ತೋರಿಸಿರಿ. ನಡೆದುಕೊಂಡೇ ಹೋಗಲಿ. ಆ ಹೆಣ್ಣುಮಕ್ಕಳು ಶಿಗ್ಗಾವಿ ಕಡೆಗೆ ನಡೆದರಲ್ಲ.